ಬೀದಿದೀಪದ ಅರ್ಜಿಗೂ ಬಾಲ್ಯವಿವಾಹಕ್ಕೂ ಏನು ಸಂಬಂಧ? ಸರಸ್ವತಿ ನಗರದ ಹುಡುಗಿಯರು ಕೇಳಿದ ಪ್ರಶ್ನೆ

ಅಜ್ಜಿ ಊರಿಗೆ ಹೋಗಿ ಬಂದ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಭಾನುವಾರದ ನಮ್ಮ ಗುಂಪಿನಲ್ಲಿ ಕೂತವಳೇ ಕೇಳಿದಳು: "ಅಕ್ಕ, ಅಜ್ಜಿ ಊರಾಗೆ ಮಕ್ಕಳ ಗ್ರಾಮಸಭೆ ಇತ್ತು. ಮಕ್ಕಳೇ ಮೈಕ್ ಹಿಡ್ಕೊಂಡು ಪಿಡಿಒ ಸರ್‌ಗೆ ಪ್ರಶ್ನೆ ಕೇಳಿದ್ರು. ನಮ್ಮ ದಾವಣಗೆರೆ ಅದಕ್ಕಿಂತ ಎಷ್ಟೋ ದೊಡ್ಡ ಊರು. ಇಲ್ಲಿ ಯಾಕಿಲ್ಲ?"

ಅಜ್ಜಿ ಊರು ಹರಿಹರ ತಾಲೂಕಿನ ಒಂದು ಹಳ್ಳಿ. ಸರಸ್ವತಿ ನಗರದಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಅಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. "ಹುಡುಕಿ ಹೇಳ್ತೀನಿ" ಅಂದೆ. ಹುಡುಕಿದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಳ್ಳಿಯ ಕಥೆ. 1990ರ ದಶಕದಲ್ಲಿ ಕುಂದಾಪುರ ತಾಲೂಕಿನ ಕೆರಾಡಿಯಂಥ ಊರುಗಳಲ್ಲಿ, 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆಯ ಜೊತೆ ಸೇರಿ ದುಡಿಯುವ ಮಕ್ಕಳು ಮತ್ತು ಶಾಲೆಯ ಮಕ್ಕಳು ತಮ್ಮದೇ ಮಕ್ಕಳ ಪಂಚಾಯಿತಿ ಕಟ್ಟಿಕೊಂಡರು. ಮಳೆಗಾಲದಲ್ಲಿ ಹಳ್ಳ ದಾಟುವ ಕಾಲುಸಂಕದಂಥ ವಿಷಯಗಳನ್ನು ತಾವೇ ತಿರುಗಾಡಿ ಲೆಕ್ಕ ಹಾಕಿ ದೊಡ್ಡವರ ಪಂಚಾಯಿತಿ ಮುಂದಿಟ್ಟರು. ಇಂಥ ಪ್ರಯೋಗಗಳ ಬೆನ್ನಿಗೇ 2006ರಲ್ಲಿ ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಎಲ್ಲ ಗ್ರಾಮ ಪಂಚಾಯಿತಿಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂದು ಹೇಳಿತು. ಗಮನಿಸಿ, ಇದಕ್ಕೆ ಹೊಸ ಕಾಯ್ದೆ ಬೇಕಾಗಲಿಲ್ಲ. ಒಂದು ಸುತ್ತೋಲೆ ಸಾಕಾಯಿತು.

ಎಲ್ಲ ಕಡೆ ಚೆನ್ನಾಗಿ ನಡೆಯುತ್ತದೆ ಅಂತ ಹೇಳಲಾರೆ. ಶಾಮಿಯಾನ, ಶಾಲು, ಹಾರ, ಭಾಷಣ ಮುಗಿಯುವಷ್ಟರಲ್ಲಿ ಮಕ್ಕಳಿಗೆ ಹಸಿವಾಗಿರುತ್ತದೆ, ಫೋಟೊ ಮೊಬೈಲಿಗೆ ಬಂದಿರುತ್ತದೆ, ಸಭೆಯೂ ಮುಗಿದಿರುತ್ತದೆ. ಆದರೂ ಅಧ್ಯಕ್ಷರು, ಪಿಡಿಒ, ಹೆಡ್ ಮಾಸ್ತರು, ಅಂಗನವಾಡಿ ಕಾರ್ಯಕರ್ತೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತಿರುವಾಗ ಹದಿಮೂರು ವರ್ಷದ ಹುಡುಗಿ ಎದ್ದು ನಿಂತು "ಶಾಲೆ ಶೌಚಾಲಯಕ್ಕೆ ಬಾಗಿಲಿಲ್ಲ" ಎನ್ನುವ ಅವಕಾಶವೊಂದಿದೆ. ಉತ್ತರ ಕೊಡಬೇಕಾದವರು ಎದುರಿಗೇ ಇರುತ್ತಾರೆ. ಕೇಳಿದ್ದು ನಡಾವಳಿಯಲ್ಲಿ ದಾಖಲಾಗಬೇಕು. ಹಿಂದಿನ ಸಲ ಕೇಳಿದ್ದು ಏನಾಯಿತು ಎಂಬ ಅನುಪಾಲನಾ ವರದಿಯನ್ನೂ ಓದಬೇಕು.

ಇನ್ನು ನಗರಕ್ಕೆ ಬನ್ನಿ. ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ದಾಟಿದ್ದ ದಾವಣಗೆರೆ ಈ ಗೆರೆಯ ಮೇಲಿದೆ. ಪಾಲಿಕೆಯಲ್ಲಿ 45 ವಾರ್ಡುಗಳಿವೆ. ಸುಮಾರು 83 ಸಾವಿರ ಜನರಿದ್ದ ಹರಿಹರ ನಗರಸಭೆ ಗೆರೆಯ ಕೆಳಗೆ. ಅಲ್ಲಿಗೆ ವಾರ್ಡ್ ಸಮಿತಿ ಕೊಡುವುದಕ್ಕೆ ರಾಜ್ಯಕ್ಕೆ ಅಡ್ಡಿಯಿಲ್ಲ, ಆದರೆ ಸಂವಿಧಾನದ ಕಡ್ಡಾಯವೂ ಇಲ್ಲ. ಸರಿ, ದಾವಣಗೆರೆಯ ವಾರ್ಡ್ ಸಮಿತಿಯಲ್ಲಾದರೂ ಮಕ್ಕಳಿಗೆ ಜಾಗ ಇದೆಯೇ? ನಮ್ಮ ಪಾಲಿಕೆ ಕಾಯ್ದೆಯ ವಾರ್ಡ್ ಸಮಿತಿಯಲ್ಲಿ ಹತ್ತು ಸದಸ್ಯರಿಗೆ ಅವಕಾಶ. ಅದರಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿಗಳ ಸಂಘಗಳಿಗೆ ಸ್ಥಾನ ಮೀಸಲು. ಅದರ ಕೆಳಗೆ ಏರಿಯಾ ಸಭೆ ಎಂಬ ಕಲ್ಪನೆಯೂ ಇದೆ. ಅದರ ಸದಸ್ಯರು ಯಾರೆಂದರೆ ಆ ಪ್ರದೇಶದ ಮತದಾರರ ಪಟ್ಟಿಯಲ್ಲಿ ಹೆಸರಿರುವವರು. ಅಂದರೆ ಹದಿನೆಂಟು ತುಂಬಿದವರು. ಹಳ್ಳಿಯ ಗ್ರಾಮಸಭೆಯೂ ಮತದಾರರದ್ದೇ. ಆದರೆ ಅಲ್ಲಿ ಸುತ್ತೋಲೆ ಬಂದು ಮಕ್ಕಳಿಗಾಗಿ ಪಕ್ಕದಲ್ಲೊಂದು ಬಾಗಿಲು ತೆರೆಯಿತು. ಇಲ್ಲಿ ಯಾರೂ ತೆರೆದಿಲ್ಲ.

ಇದೊಂದೇ ಅಲ್ಲ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 2023ರ ಬಜೆಟ್‌ನಲ್ಲಿ ಘೋಷಿಸಿದ 'ಕೂಸಿನ ಮನೆ' ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಿಗೆ. ಮಕ್ಕಳು ಓದಲು ಕೂರುವ 'ಅರಿವು ಕೇಂದ್ರ'ಗಳೂ ಗ್ರಾಮ ಪಂಚಾಯಿತಿಗಳದ್ದೇ. ಹೊಲ ಬಿಟ್ಟು, ಕೂಲಿ ಹುಡುಕಿಕೊಂಡು ದಾವಣಗೆರೆಗೋ ಹರಿಹರಕ್ಕೋ ಬಂದ ಕುಟುಂಬದ ಮಗು ಹತ್ತಿರದ ಆಸ್ಪತ್ರೆ, ಹೈಸ್ಕೂಲು, ಬೆಣ್ಣೆದೋಸೆ ಎಲ್ಲ ಪಡೆಯುತ್ತದೆ. ಕಳೆದುಕೊಳ್ಳುವ ಪಟ್ಟಿಯನ್ನು ಯಾರೂ ಬರೆದಿಟ್ಟಿಲ್ಲ.

ನಮ್ಮ ಗುಂಪಿಗೆ ಬೋರ್ಡಿಲ್ಲ, ಬ್ಯಾನರಿಲ್ಲ. ಹದಿನೈದಿಪ್ಪತ್ತು ಹುಡುಗಿಯರು, ಜೊತೆಗೆ ತಮ್ಮಂದಿರು, ಆಗೀಗ ಒಬ್ಬಿಬ್ಬರು ತಾಯಂದಿರು. ಆ ಭಾನುವಾರ ಹುಡುಗಿಯರು ನೆಲದ ಮೇಲೆ ಸೀಮೆಸುಣ್ಣದಲ್ಲಿ ತಮ್ಮ ಓಣಿಗಳ ನಕ್ಷೆ ಬರೆದರು. ನಾನು ಶಾಲೆ, ಅಂಗನವಾಡಿ, ನಲ್ಲಿ ಅಂತ ಶುರುಮಾಡಿಸಿದೆ. ಅವರು ಬರೆದದ್ದು ಬೇರೆಯೇ. ಎಲ್ಲಿ ಕತ್ತಲು, ಎಲ್ಲಿ ನಾಯಿ, ಯಾವ ಅಂಗಡಿ ಮುಂದೆ ಹುಡುಗರು ನಿಲ್ಲುತ್ತಾರೆ, ಯಾವ ಮೂಲೆ ಬಂದಾಗ ನಡಿಗೆ ಓಟವಾಗುತ್ತದೆ. ನಾಲ್ಕು ಕಂಬಕ್ಕೆ ಕೆಂಪು ಗುರುತು ಬಿತ್ತು.

ಅದನ್ನು ಅರ್ಜಿ ಮಾಡಲು ಹೊರಟಾಗ ಪೌರನೀತಿ ಪುಸ್ತಕದಲ್ಲಿಲ್ಲದ ಪಾಠವೊಂದು ಸಿಕ್ಕಿತು. ಸಾಮಾನ್ಯವಾಗಿ ಕಂಬ ಬೆಸ್ಕಾಂನದು, ದೀಪ ಪಾಲಿಕೆಯದು. ತಂತಿ ಹರಿದರೆ ಒಂದು ಕಡೆ, ಬಲ್ಬು ಹೋದರೆ ಇನ್ನೊಂದು ಕಡೆ. ಕಂಬದ ಮೇಲಿನ ನಂಬರ್ ಬರೆಯದಿದ್ದರೆ ಅರ್ಜಿ ಎಲ್ಲೂ ಹೋಗುವುದಿಲ್ಲ. ಇಬ್ಬರು ಹುಡುಗಿಯರು ಟಾರ್ಚ್ ಹಿಡಿದು ನಾಲ್ಕೂ ನಂಬರ್ ಬರೆದುಕೊಂಡು ಬಂದರು. ಅರ್ಜಿ ಕೊಡಲು ಹೋದ ಕಚೇರಿಯೊಂದರ ಕೌಂಟರಿನಲ್ಲಿದ್ದವರು ನಗುತ್ತಲೇ, "ದೊಡ್ಡವರ‍್ಯಾರೂ ಬಂದಿಲ್ವೇನಮ್ಮ?" ಅಂದರು. ಅರ್ಜಿ ಬರೆದವರು, ವಿಷಯ ಗೊತ್ತಿದ್ದವರು ಅವರ ಮುಂದೆಯೇ ನಿಂತಿದ್ದರು. ಕೊನೆಗೆ ಹಿಂದೆ ನಿಂತಿದ್ದ ನಾನು ಸಹಿ ಹಾಕಿದ ಮೇಲೆ ಸ್ವೀಕೃತಿ ಸಿಕ್ಕಿತು. ಸಹಿ ಹಾಕಬಾರದಿತ್ತೇನೋ ಅಂತ ಈಗಲೂ ಅನಿಸುತ್ತದೆ.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರುತ್ತೇನೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಗುಂಪಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಬರುವುದು ನಿಲ್ಲಿಸಿದಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿತ್ತು. ಟ್ಯೂಷನ್ ಏಳು ಗಂಟೆಗೆ ಬಿಡುತ್ತಿತ್ತು, ದಾರಿ ನಕ್ಷೆಯಲ್ಲಿ ಕೆಂಪು ಗುರುತು ಬಿದ್ದ ಅದೇ ಓಣಿ. ಅವಳ ತಾಯಿ ಮಂಡಕ್ಕಿ ಭಟ್ಟಿಗೆ ಕೂಲಿಗೆ ಹೋಗುವವರು. ಮನೆಗೆ ಹೋದಾಗ ಅವರು ಹೇಳಿದ್ದು: "ನಾನು ಬರೋದು ರಾತ್ರಿ ಎಂಟಾಗುತ್ತಮ್ಮ. ಈಕಿ ಕತ್ತಲಾಗೆ ಒಬ್ಬಳೇ ಬರಬೇಕು. ಮೊನ್ನೆ ಯಾರೋ ಹಿಂದೆ ಬಂದ್ರಂತೆ. ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ? ಟ್ಯೂಷನ್ ಬಿಡಿಸಿದೀನಿ. ಸುಮ್ನೆ ಮನೇಲಿ ಇಟ್ಕೊಂಡು ಏನ್ ಮಾಡ್ಲಿ, ಸಂಬಂಧ ಬಂದೈತೆ." ಹುಡುಗಿಗೆ ಹದಿನಾರು.

ಆ ತಾಯಿ ಮಗಳ ಶತ್ರು ಅಲ್ಲ. ನಮ್ಮ ಜಾಗೃತಿ ಕಾರ್ಯಕ್ರಮಗಳು ಅವರಿಗೆ ಹೇಳುವುದು, ಬೇಗ ಮದುವೆ ಮಾಡಿದರೆ ಆರೋಗ್ಯ ಕೆಡುತ್ತೆ ಅಂತ. ಅದು ಅವರಿಗೆ ಗೊತ್ತು. ಅವರೂ ಹದಿನೈದಕ್ಕೇ ಮದುವೆಯಾದವರು. ಗೊತ್ತಿಲ್ಲದಿರುವುದು ಏಳು ಗಂಟೆಗೆ ಮಗಳು ಹೇಗೆ ಮನೆಗೆ ಬರಬೇಕು ಎಂಬುದು.

ಕಾನೂನು ಏನು ಹೇಳುತ್ತದೆ? 2006ರ ಕೇಂದ್ರ ಕಾಯ್ದೆಯಲ್ಲಿ ಬಾಲ್ಯವಿವಾಹ ಸಾಮಾನ್ಯವಾಗಿ ತಾನಾಗಿಯೇ ಅಸಿಂಧು ಅಲ್ಲ. ಬಾಲ್ಯದಲ್ಲಿ ಮದುವೆಯಾದವರು ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ 2011ರಲ್ಲಿ ವರದಿ ಕೊಟ್ಟ ಮೇಲೆ ಕರ್ನಾಟಕ 2016ರ ತಿದ್ದುಪಡಿಯಲ್ಲಿ ಇಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದಿತು. 2017ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮೆಚ್ಚಿಯೂ ಬರೆಯಿತು. ಮದುವೆ ಮಾಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಅಕ್ಷಯ ತೃತೀಯದಂಥ ದಿನಗಳಲ್ಲಿ ಜಿಲ್ಲಾಧಿಕಾರಿಯೇ ಬಾಲ್ಯವಿವಾಹ ನಿಷೇಧಾಧಿಕಾರಿ. 1098ಕ್ಕೆ ಯಾರು ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಹೆಸರನ್ನು ಗುಟ್ಟಾಗಿಡಬೇಕು.

ಇಷ್ಟಿದ್ದೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಹದಿನೆಂಟಕ್ಕೆ ಮುಂಚೆ ಮದುವೆಯಾದವರು ಕರ್ನಾಟಕದಲ್ಲಿ 2015-16ರಲ್ಲಿ ಶೇ 21.4, 2019-21ರಲ್ಲಿ ಶೇ 21.3. ಲೆಕ್ಕಕ್ಕೆ ಬಂದವರಲ್ಲಿ ಹಲವರ ಮದುವೆ ತಿದ್ದುಪಡಿಗೂ ಮುಂಚಿನದ್ದು ಅನ್ನುವುದು ನಿಜ. ಹಾಗಂತ ಸಮಾಧಾನಪಡುವಂಥ ಇಳಿಕೆಯೂ ಇದಲ್ಲ.

ಆ ಹುಡುಗಿಯ ವಿಷಯದಲ್ಲಿ ಯಾರೋ 1098ಕ್ಕೆ ಫೋನ್ ಮಾಡಿದರು. ಯಾರು ಅಂತ ನಾನು ಕೇಳಿಲ್ಲ, ಗುಂಪಿನಲ್ಲೂ ಯಾರೂ ಹೇಳಿಲ್ಲ. ಅಧಿಕಾರಿಗಳು ಬಂದರು, ಬುದ್ಧಿ ಹೇಳಿದರು, ಹದಿನೆಂಟಾಗುವವರೆಗೆ ಮದುವೆ ಮಾಡುವುದಿಲ್ಲ ಎಂದು ಮನೆಯವರು ಮುಚ್ಚಳಿಕೆ ಬರೆದುಕೊಟ್ಟರು. ಕಾನೂನಿನ ಕೆಲಸ ಅವತ್ತಿಗೆ ಮುಗಿಯಿತು. ಓಣಿ ಹಾಗೇ ಕತ್ತಲಾಗಿತ್ತು. ಮುಚ್ಚಳಿಕೆ ಒಂದು ತಾರೀಕನ್ನು ತಡೆಯುತ್ತದೆ. ಹದಿನೆಂಟಾಗುವವರೆಗಿನ ಎರಡು ವರ್ಷ ಹುಡುಗಿ ಎಲ್ಲಿಗೆ ಹೋಗಬೇಕು, ಹೇಗೆ ಬರಬೇಕು ಎಂಬುದಕ್ಕೆ ಅದರಲ್ಲಿ ಸಾಲಿಲ್ಲ. ಮುಚ್ಚಳಿಕೆ ಬರೆದುಕೊಟ್ಟ ಮೇಲೆ ಬೇರೆ ಊರಿನ ನೆಂಟರ ಮನೆಯಲ್ಲಿ ಸದ್ದಿಲ್ಲದೆ ತಾಳಿ ಕಟ್ಟಿಸುವುದು ಈ ಕೆಲಸದಲ್ಲಿರುವ ಯಾರಿಗೂ ಹೊಸ ಸುದ್ದಿಯಲ್ಲ.

ಆ ಎರಡು ವರ್ಷದ ಕೆಲಸವನ್ನು ಓಣಿಯವರೇ ಮಾಡಬೇಕಾಯಿತು. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ ಎಂದು ತಾಯಿಗೆ ತಿಳಿಸಿದ್ದು ಪಕ್ಕದ ಮನೆಯ ಹುಡುಗಿ. ಟ್ಯೂಷನ್ನಿನಿಂದ ನಾಲ್ಕು ಜನ ಒಟ್ಟಿಗೆ ಬರುವುದು ಅಂತ ತೀರ್ಮಾನಿಸಿದ್ದೂ ಅವರೇ. ಒಬ್ಬರ ಅಣ್ಣ ಮೂಲೆಯವರೆಗೆ ಬರುತ್ತಾನೆ. ಅಣ್ಣ ಕಾವಲಿಗೆ ಬಂದರೆ ಮಾತ್ರ ಹೆಣ್ಣುಮಕ್ಕಳ ಹಕ್ಕು ಅನ್ನೋದು ನನಗೆ ಅಷ್ಟಾಗಿ ರುಚಿಸಲಿಲ್ಲ. ಹೇಳಿದೆ. "ದೀಪ ಹತ್ತಲಿ ಅಕ್ಕ, ಆಮೇಲೆ ಅಣ್ಣನ್ನ ಬಿಡ್ತೀವಿ" ಅಂದರು.

ಹಾಗಾದರೆ ಕೇಳಬೇಕಾದದ್ದೇನು? ಹಳ್ಳಿಗೆ ಮಾಡಿದ್ದನ್ನೇ ನಗರಕ್ಕೂ ಮಾಡಬಹುದು. ನಗರಾಭಿವೃದ್ಧಿ ಮತ್ತು ಪೌರಾಡಳಿತ ಇಲಾಖೆಗಳು ವರ್ಷಕ್ಕೊಮ್ಮೆ ಪ್ರತಿ ವಾರ್ಡಿನಲ್ಲಿ ಮಕ್ಕಳ ವಾರ್ಡ್ ಸಭೆ ಕಡ್ಡಾಯ ಮಾಡಲಿ, ದೊಡ್ಡ ಪಾಲಿಕೆಯಿರಲಿ, ಹರಿಹರದಂಥ ನಗರಸಭೆಯಿರಲಿ. ವಾರ್ಡಿನ ಎಂಜಿನಿಯರ್, ಆರೋಗ್ಯ ನಿರೀಕ್ಷಕರು, ಬೆಸ್ಕಾಂನವರು, ಸಿಡಿಪಿಒ, ಪೊಲೀಸರು ಒಂದೇ ಸಾಲಿನಲ್ಲಿ ಕೂರಲಿ. ಯಾಕೆಂದರೆ ಕಂಬ ಒಬ್ಬರದು, ದೀಪ ಇನ್ನೊಬ್ಬರದು, ಓಣಿಯಲ್ಲಿ ಹಿಂದೆ ಬರುವವನು ಮೂರನೆಯವರ ವ್ಯಾಪ್ತಿ, ಮದುವೆ ನಿಲ್ಲಿಸುವುದು ನಾಲ್ಕನೆಯವರ ಕೆಲಸ. ನಾಲ್ಕು ಕಡತಗಳೂ ಒಬ್ಬಳೇ ಹುಡುಗಿಯದು ಅಂತ ಗೊತ್ತಾಗುವುದು ಅವಳು ಮಾತಾಡಿದಾಗ ಮಾತ್ರ. ಪಾಲಿಕೆಯಲ್ಲಿ ಚುನಾಯಿತ ಸದಸ್ಯರಿದ್ದರೂ ಇಲ್ಲದಿದ್ದರೂ ಇದು ನಡೆಯಬಹುದು.

ಸುತ್ತೋಲೆ ಬರುವವರೆಗೆ ಹುಡುಗಿಯರು ಕಾಯುತ್ತಿಲ್ಲ. ನೂರು ಪುಟದ ನೋಟ್‌ಬುಕ್ಕಿನ ಮೇಲೆ 'ಮಕ್ಕಳ ವಾರ್ಡ್ ಸಭೆ, ಸರಸ್ವತಿ ನಗರ' ಅಂತ ಬರೆದುಕೊಂಡಿದ್ದಾರೆ. ಅಜ್ಜಿ ಊರಿನಲ್ಲಿ ನೋಡಿ ಬಂದವಳು ಹೇಳಿಕೊಟ್ಟ ಕ್ರಮದಂತೆ ಮೊದಲ ವಿಷಯ, ಹಿಂದಿನ ಸಭೆಯ ಅನುಪಾಲನಾ ವರದಿ. ಕಳೆದ ಭಾನುವಾರದ ಪುಟದಲ್ಲಿ ಹೀಗಿದೆ: "ಕಂಬ 4. ಹತ್ತಿದ್ದು 2. ಬಾಕಿ 2. ಗಣಿತ ಪರೀಕ್ಷೆಗೆ ಫೀಸ್ ಕಟ್ಟಿದೆ. ಟ್ಯೂಷನ್‌ಗೆ ಬರ್ತಿದಾಳೆ."