ಹೊಸ ರೂಟರಿಗೆ ಹಳೆಯ ಹೆಸರು

ಹಳ್ಳಿಯ ನಮ್ಮ ಹಿರಿಯ ಮನೆಯಲ್ಲಿ ವಯೋವೃದ್ಧರಾದ ತಾಯಿಯವರು ಒಬ್ಬರೇ ಇರುತ್ತಾರೆ. ದಪ್ಪ ಮಣ್ಣಿನ ಗೋಡೆಗಳೊಳಗೆ ಮೊಬೈಲಿನ ಸಂಕೇತ ಸಿಗದ ಕಾರಣ ಅವರ ಫೋನು, ಪಡಸಾಲೆಯ ಕ್ಯಾಮೆರಾ, ಟಿ.ವಿ. ಎಲ್ಲವೂ ವೈಫೈಯನ್ನೇ ಆಶ್ರಯಿಸಿವೆ. ಕಳೆದ ತಿಂಗಳು ಅಲ್ಲಿಯ ರೂಟರು ಕೆಟ್ಟು ಹೊಸದು ಬಂದಿತು. ಅಂದು ಮಧ್ಯಾಹ್ನದಿಂದಲೇ ಕ್ಯಾಮೆರಾ ಕಾಣಿಸದಾಯಿತು; ಫೋನೂ ಮೌನವಾಯಿತು. ಪಟ್ಟಣದಲ್ಲಿದ್ದ ನಾವು ಗಾಬರಿಗೊಂಡು ನೆರೆಯವರನ್ನು ಕಳುಹಿಸಿದೆವು. ತಾಯಿಯವರು ಸ್ವಸ್ಥವಾಗಿ ರೊಟ್ಟಿ ಬಡಿಯುತ್ತಿದ್ದರು!

ಮರುದಿನ ಹೋಗಿ ನೋಡಿದಾಗ ಕಾರಣ ತಿಳಿಯಿತು. ಪ್ರತಿಯೊಂದು ಉಪಕರಣವೂ ತಾನು ಸೇರಬೇಕಾದ ಜಾಲದ ಹೆಸರನ್ನೂ ಗುಪ್ತಪದವನ್ನೂ ನೆನಪಿನಲ್ಲಿಟ್ಟುಕೊಂಡಿರುತ್ತದೆ. ಹೊಸ ರೂಟರು ಬೇರೆ ಹೆಸರಿನಿಂದ ಕರೆದರೆ ಅವು ಓಗೊಡುವುದಿಲ್ಲ. ಆದುದರಿಂದ ಹೊಸ ರೂಟರಿಗೆ ಹಳೆಯ ಹೆಸರನ್ನೂ ಹಳೆಯ ಗುಪ್ತಪದವನ್ನೂ ಕೊಡುವುದೇ ಸುಲಭೋಪಾಯ. ಇಂಗ್ಲಿಷಿನ ದೊಡ್ಡ, ಸಣ್ಣ ಅಕ್ಷರಗಳಲ್ಲಿಯೂ ವ್ಯತ್ಯಾಸವಾಗಕೂಡದು. ನಾವು ಹಾಗೆ ಮಾಡಿದ ಕೆಲವೇ ನಿಮಿಷಗಳಲ್ಲಿ ಫೋನೂ ಟಿ.ವಿ.ಯೂ ತಾವಾಗಿಯೇ ಸೇರಿಕೊಂಡವು.

ಕ್ಯಾಮೆರಾ ಮಾತ್ರ ಸೇರಲಿಲ್ಲ. ಹೊಸ ರೂಟರಿನ ಭದ್ರತೆಯನ್ನು 2018ರಲ್ಲಿ ಬಂದ ಡಬ್ಲ್ಯುಪಿಎ-3 ಪದ್ಧತಿಗೆ ಮಾತ್ರ ಹೊಂದಿಸಲಾಗಿತ್ತು. ನಮ್ಮ ಹಳೆಯ ಕ್ಯಾಮೆರಾ 2004ರ ಡಬ್ಲ್ಯುಪಿಎ-2 ಮಾತ್ರ ಬಲ್ಲುದು. ಎರಡನ್ನೂ ಒಪ್ಪುವ ಮಿಶ್ರ ವ್ಯವಸ್ಥೆಯನ್ನು ಆರಿಸಿದೊಡನೆ ಅದೂ ಕಣ್ತೆರೆಯಿತು. ಇಂತಹ ಅನೇಕ ಕ್ಯಾಮೆರಾ, ದೀಪ, ಪ್ಲಗ್ಗುಗಳು 2.4 ಗಿಗಾಹರ್ಟ್ಸ್ ತರಂಗವನ್ನಷ್ಟೇ ಗ್ರಹಿಸುತ್ತವೆ. 5 ಗಿಗಾಹರ್ಟ್ಸ್ ಅವುಗಳಿಗೆ ಕೇಳಿಸದು. ಆದ್ದರಿಂದ 2.4ನ್ನು ಮುಚ್ಚಬಾರದು.

ಕೆಲವರ ಮನೆಯಲ್ಲಿ ಪ್ರಿಂಟರು ಸೇರಿಕೊಂಡಂತೆ ತೋರಿದರೂ ಮುದ್ರಿಸುವುದಿಲ್ಲ. ಅದಕ್ಕೆ ಹಿಂದೆ ಸ್ಥಿರ ವಿಳಾಸ ಕೊಟ್ಟಿದ್ದರೆ, ಹೊಸ ರೂಟರಿನ ವಿಳಾಸಕ್ರಮ ಬೇರೆಯಾದಾಗ ಹೀಗಾಗುವುದುಂಟು. ವಿಳಾಸವನ್ನು ರೂಟರೇ ಕೊಡುವಂತೆ ಪ್ರಿಂಟರನ್ನು ಹೊಂದಿಸಬೇಕು.

ಇನ್ನೊಂದು ಎಚ್ಚರಿಕೆ ಅವಶ್ಯ. ಹಳೆಯ ಗುಪ್ತಪದವು ಬಂದುಹೋದವರಿಗೆಲ್ಲ ಗೊತ್ತಾಗಿದ್ದರೆ ಅದನ್ನು ಮುಂದುವರಿಸುವುದು ಕ್ಷೇಮವಲ್ಲ. ಶ್ರಮವಾದರೂ ಹೊಸದನ್ನಿಟ್ಟು ಒಂದೊಂದೇ ಉಪಕರಣವನ್ನು ಜೋಡಿಸಬೇಕು. ರೂಟರಿನ ವ್ಯವಸ್ಥಾಪುಟಕ್ಕೆ ಇರುವ ಗುಪ್ತಪದ ಬೇರೆಯದು; ಅದನ್ನೂ ತಪ್ಪದೆ ಬದಲಾಯಿಸಬೇಕು. ಹಳೆಯ ರೂಟರು ಇನ್ನೂ ನಡೆಯುವಂತಿದ್ದರೆ ಅದನ್ನು ಪರರಿಗೆ ಕೊಡುವ ಮುನ್ನ ರೀಸೆಟ್ ಗುಂಡಿಯನ್ನೊತ್ತಿ ಅದರ ನೆನಪನ್ನು ಅಳಿಸಬೇಕು.

ನಾವೀಗ ಜಾಲದ ಹೆಸರು, ಗುಪ್ತಪದ, ಉಪಕರಣಗಳ ಪಟ್ಟಿಯನ್ನು ಒಂದು ನೋಟುಪುಸ್ತಕದಲ್ಲಿ ಬರೆದು ಕಪಾಟಿನಲ್ಲಿರಿಸಿದ್ದೇವೆ. ಹಿರಿಯರನ್ನು ದೂರದಲ್ಲಿ ಬಿಟ್ಟಿರುವ ಕುಟುಂಬಗಳು ರೂಟರು ಬದಲಾಯಿಸುವ ದಿನ ಮನೆಯವರೊಬ್ಬರು ಅಲ್ಲಿರುವಂತೆ ನೋಡಿಕೊಳ್ಳಲಿ. ಜೋಡಿಸಲು ಬಂದವರು ತೆರಳುವ ಮುನ್ನವೇ ಪ್ರತಿಯೊಂದು ಉಪಕರಣವನ್ನೂ ಪರೀಕ್ಷಿಸಿದರೆ ನಮಗಾದ ಆತಂಕ ಅವರಿಗಾಗದು.