ಹಳೆಯ ಬಿಯರ್ ಬಾಟಲಿ: ಕೂಗಿದ ಬೆಲೆ, ಕೈಗೆ ಬಂದ ಬೆಲೆ

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಉಪನಗರದಲ್ಲಿದ್ದ ತಮ್ಮ ಪರ್ಮಿಟ್ ರೂಮ್ ಮುಚ್ಚುವ ತಯಾರಿಯಲ್ಲಿದ್ದರು. ಅಟ್ಟ ಖಾಲಿ ಮಾಡುವಾಗ ಎರಡು ಕ್ರೇಟ್ ತುಂಬ ಹಳೆಯ ಬಿಯರ್ ಸಿಕ್ಕಿತು. ಮುಚ್ಚಳ ತೆಗೆಯದ, 1980ರ ದಶಕದ ಇಪ್ಪತ್ತನಾಲ್ಕು ಬಾಟಲಿಗಳು. "ಒಮ್ಮೆ ಬಂದು ನೋಡಿ ಮಾರಾಯ್ರೆ, ಇದರಲ್ಲೇ ನಮ್ಮ ಹುಡುಗರ ಬಾಕಿ ಎಲ್ಲ ತೀರುತ್ತದೆ" ಎಂದು ಫೋನ್ ಮಾಡಿದರು. ಹುಡುಗರೆಂದರೆ ಇಪ್ಪತ್ತು ಇಪ್ಪತ್ತೆರಡು ವರ್ಷ ದುಡಿದ ಕೆಲಸಗಾರರು. ಒಂದು ಹಳೆಯ ಬಿಯರ್ ಬಾಟಲಿ ಐದು ಲಕ್ಷ ಡಾಲರಿಗೆ ಹೋಯಿತೆಂದು ಅವರ ಅಳಿಯ ಮೊಬೈಲಿನಲ್ಲಿ ತೋರಿಸಿದ್ದನಂತೆ.

ಆ ಸುದ್ದಿ ನಾವೂ ಓದಿದ್ದೆವು. ಅದರ ಪೂರ್ತಿ ಕಥೆ ನಮ್ಮ ವ್ಯವಸಾಯದವರಿಗೆಲ್ಲ ತಿಳಿದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಇಂಗ್ಲೆಂಡಿನ ಬರ್ಟನ್ ಎಂಬ ಊರು ಬಿಯರಿಗೆ ಹೆಸರುವಾಸಿ. ಒಂದು ಕಾಲದಲ್ಲಿ ಮುಂಬಯಿ, ಮದರಾಸಿಗೆ ಹಡಗಿನಲ್ಲಿ ಬರುತ್ತಿದ್ದ 'ಇಂಡಿಯಾ ಪೇಲ್ ಏಲ್' ಅಲ್ಲಿಂದಲೂ ಬರುತ್ತಿತ್ತು. ಅಲ್ಲಿನ ಆಲ್ಸಾಪ್ ಕಂಪನಿ 1852ರಲ್ಲಿ ಒಂದು ವಿಶೇಷ ಬಿಯರ್ ತಯಾರಿಸಿತು. 1845ರಲ್ಲಿ ಉತ್ತರ ಧ್ರುವದ ಕಡೆ ಹೊರಟು ಕಾಣೆಯಾಗಿದ್ದ ಫ್ರಾಂಕ್ಲಿನ್ ತಂಡವನ್ನು ಹುಡುಕಲು ಸರ್ ಎಡ್ವರ್ಡ್ ಬೆಲ್ಚರ್ ಐದು ಹಡಗುಗಳೊಡನೆ ಹೊರಟಾಗ ನಾವಿಕರಿಗೆಂದು ಮಾಡಿದ 'ಆರ್ಕ್ಟಿಕ್ ಏಲ್' ಅದು. ಕೊರೆಯುವ ಚಳಿಯಲ್ಲಿ ಬೇಗ ಹೆಪ್ಪುಗಟ್ಟಬಾರದು, ತಿಂಗಳುಗಟ್ಟಲೆ ಕೆಡಬಾರದು, ಮೈಗೂ ಪುಷ್ಟಿ ಕೊಡಬೇಕು. ಅದಕ್ಕಾಗಿ ಮಾಲ್ಟನ್ನು ಧಾರಾಳವಾಗಿ ಸುರಿದು, ಸಾಧಾರಣ ಬಿಯರಿಗಿಂತ ಸುಮಾರು ಎರಡು ಪಟ್ಟು ಕಡಕ್ಕಾಗಿ ಮಾಡಿದ್ದರು.

2007ರಲ್ಲಿ ಆ ಬಿಯರಿನ ಬಾಟಲಿಯೊಂದು ಇ-ಬೇ ಹರಾಜಿಗೆ ಬಂತು. ಮಾರುವವರು ಹೆಸರಿನಲ್ಲಿ ಒಂದು 'ಪಿ' ಅಕ್ಷರ ಬಿಟ್ಟು ಬರೆದದ್ದರಿಂದ ಹುಡುಕುವವರ ಕಣ್ಣಿಗೆ ಅದು ಬೀಳಲಿಲ್ಲ. 304 ಡಾಲರಿಗೆ ಹೋಯಿತು. ಕೊಂಡವರು ಕಾಗುಣಿತ ಸರಿಮಾಡಿ ಮತ್ತೆ ಹರಾಜಿಗಿಟ್ಟರು. ಕೂಗು ಏರಿ ಏರಿ 5,03,300 ಡಾಲರಿಗೆ ನಿಂತಿತು. ಅಂದಿನ ಲೆಕ್ಕದಲ್ಲಿ ಸುಮಾರು ಎರಡು ಕೋಟಿ ರೂಪಾಯಿ! ಅಳಿಯ ತೋರಿಸಿದ್ದು ಇಲ್ಲಿಯವರೆಗಿನ ಕಥೆ. ಮುಂದಿನದು ಇಷ್ಟೇ: ಆ ಕೂಗು ತಮಾಷೆಯದ್ದು, ಹಣ ಬರಲೇ ಇಲ್ಲ. ಮದುವೆ ಆರ್ಡರಿಗೆ ಸಾವಿರ ಎಲೆ ಎಂದು ಹೇಳಿ ಅಡ್ವಾನ್ಸ್ ಕೊಡದೆ ಹೋದ ಗಿರಾಕಿಯನ್ನು ನಾವೆಲ್ಲ ಕಂಡವರೇ ಅಲ್ಲವೇ?

ನಿಜವಾಗಿ ಹಣ ಕೈ ಸೇರಿದ ಲೆಕ್ಕವೂ ಇದೆ. 1875ರಲ್ಲಿ ಸರ್ ಜಾರ್ಜ್ ನೇರ್ಸ್ ಧ್ರುವಯಾತ್ರೆಗೆ ಹೊರಟಾಗ ಅದೇ ಬಗೆಯ ಬಿಯರ್ ಮತ್ತೆ ತಯಾರಾಗಿತ್ತು. ಅದರ ತುಂಬಿದ ಬಾಟಲಿಯೊಂದು ಇಂಗ್ಲೆಂಡಿನ ಶ್ರಾಪ್‌ಶೈರಿನ ಒಂದು ಗ್ಯಾರೇಜಿನಲ್ಲಿ ಸಿಕ್ಕಿ, 2015ರಲ್ಲಿ 3,300 ಪೌಂಡಿಗೆ, ಅಂದರೆ ಮೂರು ಲಕ್ಷ ಚಿಲ್ಲರೆ ರೂಪಾಯಿಗೆ ಹೋಯಿತು. ಇದೂ ಸಣ್ಣ ಮೊತ್ತವಲ್ಲ. ಆದರೆ ಎರಡು ಕೋಟಿ ಎಲ್ಲಿ, ಮೂರು ಲಕ್ಷ ಎಲ್ಲಿ!

ಹಾಗಾದರೆ ಬೆಲೆ ಕಟ್ಟುವುದು ಯಾವುದನ್ನು ನೋಡಿ? ವಯಸ್ಸೊಂದನ್ನೇ ನೋಡಿ ಅಲ್ಲ. 1937ರಲ್ಲಿ ಅಮೆರಿಕದಲ್ಲಿ ಸುಟ್ಟು ಬಿದ್ದ ಹಿಂಡನ್‌ಬರ್ಗ್ ವಾಯುನೌಕೆಯ ಅವಶೇಷಗಳಲ್ಲಿ ಬೆಂಕಿ ಆರಿಸುವವರೊಬ್ಬರಿಗೆ ಲೊವೆನ್‌ಬ್ರಾಯ್ ಬಾಟಲಿಗಳು ಸಿಕ್ಕಿದ್ದವು. ಅವುಗಳಲ್ಲೊಂದು 2009ರಲ್ಲಿ ಹತ್ತು ಸಾವಿರ ಪೌಂಡಿನ ಆಸುಪಾಸಿಗೆ ಹೋಯಿತು. ಧ್ರುವದ ಬಿಯರಿಗಿಂತ ಅರುವತ್ತು ವರ್ಷ ಚಿಕ್ಕದು, ಒಳಗಿದ್ದದ್ದು ಕುಡಿಯಲು ಬಾರದ್ದು. ಆದರೂ ಬೆಲೆ ಮೂರು ಪಟ್ಟು. ಯಾರ ಕೈಯಿಂದ ಯಾರ ಕೈಗೆ ಬಂತೆಂಬ ದಾಖಲೆಗೆ ಸಂಗ್ರಾಹಕರು ಅಷ್ಟು ಕೊಡುತ್ತಾರೆ.

ದಾಖಲೆ ಇಲ್ಲದಿದ್ದರೆ ಗಾಜನ್ನು ಓದಬೇಕು. ಅಚ್ಚಿನ ಗೆರೆ ಬಾಟಲಿಯ ಬಾಯಿಯ ಅಂಚಿನವರೆಗೂ ಹೋಗಿದ್ದರೆ ಅದು ಯಂತ್ರದ್ದು. ಪೂರ್ತಿ ಯಂತ್ರವೇ ಬಾಟಲಿ ಮಾಡತೊಡಗಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಗೆರೆ ಕುತ್ತಿಗೆಯಲ್ಲೇ ನಿಂತಿದ್ದರೆ ಬಾಯಿಯನ್ನು ಕೈಯಿಂದ ಮಾಡಿರುವ ಸಂಭವ ಹೆಚ್ಚು. ಇಂದಿಗೂ ನಾವು ಓಪನರ್‌ನಿಂದ ತೆಗೆಯುವ ಲೋಹದ ಮುಚ್ಚಳಕ್ಕೆ ಪೇಟೆಂಟ್ ಸಿಕ್ಕಿದ್ದು 1892ರಲ್ಲಿ. ಆ ಮುಚ್ಚಳವಿರುವ ಬಾಟಲಿಯನ್ನು ಯಾರಾದರೂ 1850ರದೆಂದರೆ ನಂಬಬೇಡಿ. ಆಮೇಲೆ ಬೆಳಕಿಗೆ ಹಿಡಿದು ಒಳಗಿನ ಮಟ್ಟ ನೋಡಿ. ಬೂಚು ಒಣಗಿದರೆ ಬಿಯರ್ ಆವಿಯಾಗಿ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಮಾಸಿದರೂ ಲೇಬಲ್ ಹಳೆಯದೇ ಇರಲಿ. ಉಜ್ಜಿ ತೊಳೆದರೆ ಅರ್ಧ ಬೆಲೆ ನಲ್ಲಿಯಲ್ಲಿ ಹೋಯಿತೆಂದು ತಿಳಿಯಿರಿ.

ರುಚಿಯ ಮಾತೂ ಒಂದಿದೆ. ಬರ್ಟನ್ನಿನ ನೆಲಮಾಳಿಗೆಯಲ್ಲಿ 2006ರಲ್ಲಿ ಸಿಕ್ಕ 1869ರ ಬ್ಯಾಸ್ ಕಂಪನಿಯ 'ರ‍್ಯಾಟ್‌ಕ್ಲಿಫ್ ಏಲ್' ಇನ್ನೂ ಕುಡಿಯುವಂತಿತ್ತು, ಶೆರಿಯನ್ನು ನೆನಪಿಸುತ್ತಿತ್ತು ಎಂದು ರುಚಿ ನೋಡಿದವರು ಹೇಳಿದರು. ಅದು ಕಡಕ್ ಬಿಯರ್, ಕತ್ತಲೆ, ತಂಪು. ಬಾಲ್ಟಿಕ್ ಸಮುದ್ರದ ತಳದಲ್ಲಿ 2010ರಲ್ಲಿ ಸಿಕ್ಕ 1840ರ ದಶಕದ ಬಿಯರಿನಲ್ಲಾದರೋ ಸಮುದ್ರದ ನೀರು ಸೇರಿ, ಹುಳಿಯಾಗಿತ್ತು. ಇನ್ನು ನಮ್ಮ ಸಾಧಾರಣ ಲಾಗರ್ ಬಿಯರ್ ತಿಂಗಳುಗಳ ಲೆಕ್ಕದಲ್ಲಿ ಮುಗಿಯಬೇಕಾದ ಮಾಲು. ಮುಂಬಯಿಯ ಸೆಕೆಯಲ್ಲಿ, ತಗಡಿನ ಮಾಡಿನಡಿ ಮೂವತ್ತು ನಲವತ್ತು ವರ್ಷ ಬೆಂದ ಮೇಲೆ ಅದರ ಗತಿ ಹೇಳಬೇಕಾಗಿಲ್ಲ.

ಸದಸ್ಯರ ಅಟ್ಟಕ್ಕೆ ನಾವು ಹೋಗಿ ನೋಡಿದೆವು. ಯಂತ್ರದ ಬಾಟಲಿ, ಇಲಿ ಕಡಿದ ಲೇಬಲ್, ತುಕ್ಕು ಹಿಡಿದ ಮುಚ್ಚಳ, ತಳದಲ್ಲಿ ಗಸಿ. ಹೇಳುವುದು ಕಷ್ಟವಾಯಿತು, ಆದರೂ ಹೇಳಿದೆವು. ಜೊತೆಗೆ ಇನ್ನೊಂದು ಮಾತು ಹೇಳಬೇಕಾಯಿತು, ಇದನ್ನು ಎಲ್ಲ ಸದಸ್ಯರೂ ಗಮನಿಸಬೇಕು: ಖಾಲಿ ಬಾಟಲಿ ಮಾರುವುದು ಬೇರೆ, ತುಂಬಿದ್ದು ಬೇರೆ. ಹಳೆಯದಾದರೂ ತುಂಬಿದ ಬಾಟಲಿ ಅಬಕಾರಿ ಲೆಕ್ಕಕ್ಕೆ ಮದ್ಯವೇ. ಸ್ಟಾಕ್ ರಿಜಿಸ್ಟರಿನಲ್ಲಿ ಇಲ್ಲದ ಮಾಲನ್ನು ಫೋಟೋ ತೆಗೆದು ಮಾರಲು ಹೊರಟರೆ ಲಾಭದ ಮೊದಲು ನೋಟಿಸ್ ಬರುತ್ತದೆ.

ಅವರು ಅಬಕಾರಿ ಕಚೇರಿಗೆ ಬರೆದುಕೊಟ್ಟು, ಅಧಿಕಾರಿಗಳೆದುರು ಬಾಟಲಿಗಳನ್ನು ಮೋರಿಗೆ ಸುರಿಸಿದರು. ಖಾಲಿ ಬಾಟಲಿ ಭಂಗಾರ್‌ನವನ ಚೀಲ ಸೇರಿದವು. ಹುಡುಗರ ಬಾಕಿ ತೀರಿದ್ದು ಎರಡು ಡೀಪ್ ಫ್ರೀಜರ್, ದೊಡ್ಡ ಗ್ರೈಂಡರ್ ಮತ್ತು ಅದೇ ಅಟ್ಟದ ಮೂಲೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದೆ ಬಿದ್ದಿದ್ದ ತಾಮ್ರದ ಹಂಡೆಗಳನ್ನು ಮಾರಿ ಬಂದ ಹಣದಿಂದ.