ನೆರಳು ಅಳೆಯುವ ಕೋಲು: ಮನೆಯಲ್ಲಿ ಕಲಿಯುವ ಮಕ್ಕಳಿಗೆ ವಿಜ್ಞಾನ



ಕಳೆದ ತಿಂಗಳ ಜುಮಾ ಪ್ರವಚನದಲ್ಲಿ ಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಮಾತನಾಡಿದ್ದೆ. ನಮಾಝ್ ಮುಗಿದ ಮೇಲೆ ಮೂರ್ನಾಲ್ಕು ಮಂದಿ ನಿಂತು ಒಂದೇ ಪ್ರಶ್ನೆ ಕೇಳಿದರು. ಮಗನನ್ನು ಹಿಫ್ಝ್‌ಗಾಗಿ ಶಾಲೆಯಿಂದ ಬಿಡಿಸಿ ಎರಡು ಮೂರು ವರ್ಷ ಮನೆಯಲ್ಲೇ ಓದಿಸುತ್ತಿದ್ದೇವೆ; ಕನ್ನಡ, ಲೆಕ್ಕ ಹೇಗೋ ನಡೆಯುತ್ತದೆ; ವಿಜ್ಞಾನಕ್ಕೆ ಏನು ಮಾಡೋಣ? ಇನ್ನೂ ಶಾಲೆಗೆ ಸೇರದ ಪುಟ್ಟ ಮಕ್ಕಳ ತಾಯಂದಿರೂ ಮನೆಯವರ ಮೂಲಕ ಇದನ್ನೇ ಕೇಳಿ ಕಳಿಸಿದ್ದರು. ಅಂದು ಸಮಯ ಸಾಲಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ ಸಣ್ಣದಲ್ಲ. ಹಿಫ್ಝ್ ಮುಗಿಸಿ ಆರನೇ, ಏಳನೇ ತರಗತಿಗೆ ಮರಳಿದ ಹುಡುಗರನ್ನು ನಾನು ನೋಡಿದ್ದೇನೆ. ಕಂಠಪಾಠದಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ವಿಜ್ಞಾನದ ಪುಸ್ತಕ ತೆರೆದರೆ ಮುಖ ಬಾಡುತ್ತದೆ. ಕೆಲವರು ಶಾಲೆಯನ್ನೇ ಬಿಟ್ಟಿದ್ದಾರೆ. ನನ್ನ ಕಥೆಯೂ ಹೆಚ್ಚು ಬೇರೆಯಲ್ಲ. ಮದ್ರಸಾ ಮುಗಿಸಿ ಬಿ.ಎ. ಸೇರಿದ್ದು ಕಲೆಯ ಮೇಲಿನ ಪ್ರೀತಿಯಿಂದ ಎಂದು ಬಹಳ ಕಾಲ ಹೇಳಿಕೊಂಡಿದ್ದೆ. ನಿಜವಾಗಿ ವಿಜ್ಞಾನವೆಂದರೆ ಹೆದರಿಕೆಯಿತ್ತು.

ಎರಡು ವರ್ಷದ ಹಿಂದೆ ನನ್ನ ಕಿರಿಯ ಮಗಳು, ಆಗ ಏಳು ವರ್ಷದವಳು, ಗೋಡೆಯ ಮೇಲಿನ ನಮಾಝ್ ವೇಳಾಪಟ್ಟಿ ತೋರಿಸಿ, "ಅಬ್ಬಾ, ಅಸರ್ ಸಮಯ ದಿನಾ ಯಾಕೆ ಬದಲಾಗುತ್ತದೆ?" ಎಂದಳು. ಫಿಕ್ಹ್ ಗ್ರಂಥದಲ್ಲಿ ಓದಿದ್ದನ್ನು ಗಡಗಡನೆ ಹೇಳಿದೆ. ಮಧ್ಯಾಹ್ನ ಇದ್ದ ನೆರಳನ್ನು ಕಳೆದು, ವಸ್ತುವಿನ ನೆರಳು ಅದರ ಎತ್ತರದಷ್ಟಾದಾಗ ಶಾಫಿಈ ಮತದಂತೆ, ಎರಡರಷ್ಟಾದಾಗ ನಮ್ಮ ಹನಫೀ ಮತದಂತೆ ಅಸರ್. ಆಕೆ ಕೇಳಿದಳು, "ನೀವು ಅಳೆದು ನೋಡಿದ್ದೀರಾ?" ಸಬಕ್ ಓದು ಹೋಗು ಎಂದು ಗದರಿಸಿದೆ. ರಾತ್ರಿಯೆಲ್ಲ ಅದು ಕೊರೆಯಿತು. ಪರೀಕ್ಷೆಯಲ್ಲಿ ಈ ಪಾಠಕ್ಕೆ ಪೂರ್ತಿ ಅಂಕ ಪಡೆದವನು ನಾನು. ಆದರೆ ಒಂದು ದಿನವೂ ಬಿಸಿಲಲ್ಲಿ ಕೋಲು ನೆಟ್ಟವನಲ್ಲ.

ಮರುದಿನ ಅಂಗಳದಲ್ಲಿ ಇಬ್ಬರೂ ಕುಳಿತೆವು. ಅಲ್ಲಿಂದ ಕಲಿತದ್ದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಐದು ರೂಪಾಯಿ ಖರ್ಚಿಲ್ಲದೆ ವರ್ಷವಿಡೀ ನಡೆಯುವ ಪಾಠ ಅದು.

30 ಸೆಂಟಿಮೀಟರ್‌ಗಿಂತ ಉದ್ದದ ನೇರವಾದ ಕೋಲನ್ನು ಮಣ್ಣು ತುಂಬಿದ ಡಬ್ಬಿಯಲ್ಲಿ ನೆಡಿ. 30 ಸೆಂಟಿಮೀಟರ್ ಮಣ್ಣಿನಿಂದ ಮೇಲಿರಬೇಕು. ಡಬ್ಬಿ ತಗ್ಗಿನದಾಗಿರಲಿ, ಇಲ್ಲವೇ ಅಂಗಳದ ಮಣ್ಣಿನಲ್ಲೇ ನೆಡಿ. ಇಲ್ಲವಾದರೆ ಅಳತೆ ತಪ್ಪುತ್ತದೆ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ಲಂಬವಾಗಿದೆಯೇ ಎಂದು ಮಗುವೇ ನೋಡಲಿ. ಬೆಳಿಗ್ಗೆ ಹತ್ತೂವರೆಗೆ ನೆರಳಿನ ತುದಿಗೆ ಒಂದು ಗುರುತು ಹಾಕಿ. ಕೋಲಿನ ಬುಡದಿಂದ ಆ ಗುರುತಿನವರೆಗೆ ದಾರ ಹಿಡಿದು, ಸುಣ್ಣದ ಕಡ್ಡಿಯಿಂದ ಸುತ್ತಲೂ ವೃತ್ತ ಎಳೆಯಿರಿ. ನೆರಳು ಕುಗ್ಗುತ್ತಾ ವೃತ್ತದ ಒಳಗೆ ಹೋಗುತ್ತದೆ, ಮಧ್ಯಾಹ್ನದ ನಂತರ ಮತ್ತೆ ಉದ್ದವಾಗುತ್ತಾ ಇನ್ನೊಂದು ಕಡೆ ವೃತ್ತವನ್ನು ಮುಟ್ಟುತ್ತದೆ. ಅಲ್ಲಿಯೂ ಗುರುತು ಹಾಕಿ ಗಡಿಯಾರ ನೋಡಿ. ಎರಡು ಸಮಯಗಳ ನಡುಮಧ್ಯವೇ ಆ ದಿನದ ನಿಜವಾದ ಮಧ್ಯಾಹ್ನ. ಎರಡು ಗುರುತುಗಳನ್ನು ಜೋಡಿಸಿದ ಗೆರೆ ಹೆಚ್ಚುಕಡಿಮೆ ಪೂರ್ವ ಪಶ್ಚಿಮ. ಆ ಗೆರೆಯ ನಡುವಿನಿಂದ ಕೋಲಿನ ಬುಡಕ್ಕೆ ಎಳೆದ ಗೆರೆ ಉತ್ತರ ದಕ್ಷಿಣ.

ನಮ್ಮ ಹಳೆಯ ಫಿಕ್ಹ್ ಮತ್ತು ಖಗೋಳ ಗ್ರಂಥಗಳಲ್ಲಿ ಈ ವೃತ್ತಕ್ಕೆ ಇರುವ ಹೆಸರು 'ಅದ್ದಾಇರತುಲ್ ಹಿಂದಿಯ್ಯ', ಅಂದರೆ ಹಿಂದೂಸ್ತಾನದ ವೃತ್ತ. ಈ ನೆಲದ ಜ್ಯೋತಿರ್ವಿಜ್ಞಾನಿಗಳು ಬಳಸುತ್ತಿದ್ದ ವಿಧಾನವನ್ನು ಅರಬ್ ವಿದ್ವಾಂಸರು ಪಡೆದು, ಪಡೆದ ಊರಿನ ಹೆಸರನ್ನು ಮರೆಮಾಚದೆ ಹಾಗೇ ಉಳಿಸಿದರು. ಮಗಳಿಗೆ ಇದನ್ನು ಹೇಳಿದಾಗ, "ಹಾಗಾದರೆ ಇದು ನಮ್ಮದೇ" ಎಂದಳು.

ಹೊಳಲ್ಕೆರೆಯಲ್ಲಿ ಈ ಕೋಲು ಏನೇನು ತೋರಿಸುತ್ತದೆ? ನಮ್ಮ ಊರು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 22ರ ಹೊತ್ತಿಗೆ ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ, 30 ಸೆಂಟಿಮೀಟರ್ ಕೋಲಿಗೆ ಸುಮಾರು 23 ಸೆಂಟಿಮೀಟರ್. ಅಂದು ಹನಫೀ ಅಸರ್‌ಗೆ ನೆರಳು ಎಷ್ಟಿರಬೇಕು? 23ಕ್ಕೆ 60 ಕೂಡಿದರೆ 83. ಎರಡನೇ ತರಗತಿಯ ಮಗು ಮಾಡುವ ಲೆಕ್ಕ. ಏಪ್ರಿಲ್ 28ರ ಸುಮಾರಿಗೆ ಮಧ್ಯಾಹ್ನದ ನೆರಳು ಕೋಲಿನ ಬುಡದಲ್ಲೇ ಕರಗಿ ಹೋಗುತ್ತದೆ. ಬೆಂಗಳೂರಿನಲ್ಲಿ ನಾಲ್ಕು ದಿನ ಮೊದಲೇ, 24ರ ಹೊತ್ತಿಗೆ ಹೀಗಾಗುತ್ತದೆ. ಆಮೇಲೆ ಆಗಸ್ಟ್ ಮಧ್ಯದವರೆಗೆ ನೆರಳು ದಕ್ಷಿಣಕ್ಕೆ ಬೀಳುತ್ತದೆ! ಜೂನ್ 21ಕ್ಕೆ ಸುಮಾರು 5 ಸೆಂಟಿಮೀಟರ್. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಎಂದು ಎಲ್ಲರೂ ಹೇಳುತ್ತೇವೆ. ನಮ್ಮ ಊರಿನಲ್ಲಿ ಅದು ನಿಜವಾಗುವುದು ವರ್ಷಕ್ಕೆ ಎರಡೇ ಸಲ.

ಗಡಿಯಾರದ 12 ಗಂಟೆಗೆ ನಮ್ಮಲ್ಲಿ ಮಧ್ಯಾಹ್ನವಾಗುವುದೇ ಇಲ್ಲ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ ಸೂರ್ಯನನ್ನು ನೋಡುತ್ತದೆ, ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ. ಡಿಗ್ರಿಗೆ ನಾಲ್ಕು ನಿಮಿಷದಂತೆ 25 ನಿಮಿಷ ತಡ. ಅದರ ಮೇಲೆ ಭೂಮಿಯ ಓಟವೂ ವರ್ಷವಿಡೀ ಒಂದೇ ಸಮನಲ್ಲ, ಅದರ ಅಕ್ಷವೂ ವಾಲಿದೆ. ಹಾಗಾಗಿ ನವೆಂಬರ್ ಮೊದಲ ವಾರ 12:09ಕ್ಕೆ, ಫೆಬ್ರವರಿ ಮಧ್ಯದಲ್ಲಿ 12:39ಕ್ಕೆ ಮಧ್ಯಾಹ್ನ. ಝುಹರ್ ಪಟ್ಟಿಯ ಅರ್ಧ ಗಂಟೆಯ ಏರಿಳಿತದ ಕಾರಣ ಇದೇ. ಸಣ್ಣ ಮಕ್ಕಳಿಗೆ ಕಾರಣ ಬೇಡ, ಏರಿಳಿತ ಕಣ್ಣಿಗೆ ಬಿದ್ದರೆ ಸಾಕು. ದೊಡ್ಡ ಮಕ್ಕಳು ಉತ್ತರದ ಗೆರೆ ಸಿಕ್ಕ ಮೇಲೆ ಕೋನಮಾಪಕ ಇಟ್ಟು ಕಿಬ್ಲಾ ಹುಡುಕಲಿ. ನಮ್ಮಿಂದ ಅದು ನೇರ ಪಶ್ಚಿಮವಲ್ಲ, ಪಶ್ಚಿಮದಿಂದ ಉತ್ತರಕ್ಕೆ ಸುಮಾರು 17 ಡಿಗ್ರಿ.

ಹಿಂದೆ ದೊಡ್ಡ ಮಸೀದಿಗಳಲ್ಲಿ ಈ ಕೆಲಸಕ್ಕೆಂದೇ 'ಮುವಕ್ಕಿತ್' ಎಂಬ ಸಮಯಪಾಲಕರಿದ್ದರು. ದಮಾಸ್ಕಸ್‌ನ ಉಮಯ್ಯದ್ ಮಸೀದಿಯ ಮುವಕ್ಕಿತ್ ಆಗಿದ್ದ ಇಬ್ನುಶ್ಶಾತಿರ್ 14ನೇ ಶತಮಾನದ ಬಹುದೊಡ್ಡ ಖಗೋಳ ವಿಜ್ಞಾನಿ. ಆ ಮಸೀದಿಯ ಮಿನಾರಕ್ಕೆ ನೆರಳು ಗಡಿಯಾರ ಮಾಡಿಕೊಟ್ಟವರು. ಇಂದು ನಮಗೆ ಮೊಬೈಲ್ ಇದೆ. ಅದು ಸಮಯ ಹೇಳುತ್ತದೆ, ಸಮಯ ಹೇಗೆ ಗೊತ್ತಾಯಿತೆಂದು ಹೇಳುವುದಿಲ್ಲ.

ಎರಡನೆಯದು ನೀರು. ನಲ್ಲಿಯ ಕೆಳಗೆ ಬಕೆಟ್ ಇಟ್ಟು ಮನೆಯವರೆಲ್ಲ ವುಝೂ ಮಾಡಿ, ಬಿದ್ದ ನೀರನ್ನು ಮಗು ಲೀಟರ್ ಬಾಟಲಿಯಿಂದ ಅಳೆಯಲಿ. ಅಳೆಯುವ ಮೊದಲು ಊಹೆ ಬರೆಸಿ, ಅದು ಮುಖ್ಯ. ಪ್ರವಾದಿ(ಸ)ರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ನಲ್ಲಿದೆ. ಯಾವ ಲೆಕ್ಕ ಹಿಡಿದರೂ ಅದು ಒಂದು ಲೀಟರಿನ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಖರ್ಚು ಮಾಡಿದವನು ನಾನೇ, ಆರು ಲೀಟರ್ ದಾಟಿತ್ತು. ಮೂವರು ಮಕ್ಕಳೂ ನಕ್ಕರು. ಅಡಿಕೆ ತೋಟಕ್ಕೆ ಟ್ಯಾಂಕರ್ ನೀರು ತರಿಸುವ ಬೇಸಿಗೆಗಳನ್ನು ಕಂಡ ತಾಲೂಕು ನಮ್ಮದು, ನಗುವ ವಿಷಯವಲ್ಲ. ಮಳೆಗಾಲದಲ್ಲಿ ನೆಟ್ಟಗಿನ ಅಂಚಿನ ಡಬ್ಬಿಯನ್ನು ಬಯಲಲ್ಲಿಟ್ಟು ಸ್ಕೇಲಿನಿಂದ ಮಳೆ ಅಳೆಯಿರಿ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್‌ಗೆ ಒಂದು ಲೀಟರ್. 20 ಚದರ ಮೀಟರ್ ಮಾಳಿಗೆಯ ಮೇಲೆ 10 ಮಿಲಿಮೀಟರ್ ಬಿದ್ದರೆ 200 ಲೀಟರ್. ಎಷ್ಟು ವುಝೂ ಆಗುತ್ತದೆಂದು ಮಕ್ಕಳೇ ಲೆಕ್ಕ ಹಾಕುತ್ತಾರೆ.

ಚಂದ್ರನನ್ನು ಈದ್‌ಗೆ ಮಾತ್ರ ಹುಡುಕುತ್ತೇವೆ. ತಿಂಗಳಿಡೀ ಕಂಡಷ್ಟು ದಿನ ಅದರ ಆಕಾರವನ್ನೂ ಕಂಡ ಹೊತ್ತನ್ನೂ ಪುಸ್ತಕದಲ್ಲಿ ಬರೆಸಿ, ಅಷ್ಟೇ.

ಬೆಳಕಿನ ಪಾಠಕ್ಕೆ ಚಪ್ಪಲಿಯ ರಟ್ಟಿನ ಡಬ್ಬಿ ಸಾಕು. ಒಂದು ಬದಿಗೆ ಗುಂಡುಸೂಜಿಯ ತೂತು, ಎದುರು ಬದಿಯನ್ನು ಕತ್ತರಿಸಿ ಎಣ್ಣೆ ಸವರಿದ ಕಾಗದ ಅಂಟಿಸಿ. ಕತ್ತಲ ಕೋಣೆಯಲ್ಲಿ ತೂತಿನ ಮುಂದೆ ಮೇಣದಬತ್ತಿ ಹಚ್ಚಿದರೆ ಕಾಗದದ ಮೇಲೆ ಜ್ವಾಲೆ ತಲೆಕೆಳಗಾಗಿ ಕಾಣುತ್ತದೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ (965-1040ರ ಸುಮಾರು) ಕತ್ತಲ ಕೋಣೆ, ದೀಪಗಳಿಂದಲೇ ಬೆಳಕು ನೇರವಾಗಿ ಸಾಗುತ್ತದೆಂದು ಪರೀಕ್ಷಿಸಿ ನೋಡಿದವರು. ಅವರ 'ಕಿತಾಬುಲ್ ಮನಾಝಿರ್' ಲ್ಯಾಟಿನ್‌ಗೆ ಅನುವಾದವಾಗಿ ಯುರೋಪಿನವರೂ ಓದಿದರು. ಬೆಂಕಿಯ ಬಳಿ ದೊಡ್ಡವರೊಬ್ಬರು ಇರಲೇಬೇಕು. ತೂತಿನ ಮೂಲಕವಾಗಲಿ ಬರಿಗಣ್ಣಿನಿಂದಾಗಲಿ ಸೂರ್ಯನನ್ನು ನೋಡಲು ಎಂದಿಗೂ ಬಿಡಬೇಡಿ.

ಸಾಮಾನಿಗೆ ಹಣವಿಲ್ಲ ಎನ್ನುವವರಿಗೆ ಅರವಿಂದ ಗುಪ್ತ ಅವರ ಹೆಸರು ಹೇಳುತ್ತೇನೆ. ಐಐಟಿ ಕಾನ್ಪುರದ ಈ ಇಂಜಿನಿಯರ್ 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್‌ನ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮಕ್ಕೆ ಹೋದರು. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್‌ಗಳಿಂದ ಜ್ಯಾಮಿತಿ ಕಲಿಸಿದರು, ಕಸದಿಂದ ನೂರಾರು ಆಟಿಕೆ ಮಾಡಿದರು. 2018ರಲ್ಲಿ ಪದ್ಮಶ್ರೀ ಬಂತು. ಕನ್ನಡದಲ್ಲಿ ಓದಬೇಕೆಂದರೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆ ಇದೆ.

ಪೋಷಕರು ಮಾಡುವ ತಪ್ಪು ಒಂದೇ: ಉತ್ತರವನ್ನು ಮೊದಲೇ ಹೇಳಿಬಿಡುವುದು. ನಾನೂ ಮಾಡುತ್ತೇನೆ, ಇಮಾಮರಿಗೆ ಸುಮ್ಮನಿರುವುದು ಕಷ್ಟ. ಇನ್ನು ಕೆಲವರು ಪ್ರತಿ ಪ್ರಯೋಗಕ್ಕೂ ಒಂದು ಆಯತ್ ಅಂಟಿಸಿ ಮುಗಿಸುತ್ತಾರೆ. ಸೂರಃ ಅಲ್ ಫುರ್ಕಾನ್‌ನ 45ನೇ ವಚನ ನೆರಳು ಚಾಚುವುದರ ಕಡೆಗೆ ನಮ್ಮ ನೋಟವನ್ನು ಕರೆಯುತ್ತದೆ. ಆ ಕರೆಗೆ ಓಗೊಟ್ಟು ಮಗು ಮೊದಲು ನೋಡಲಿ. ತಾಯಂದಿರಲ್ಲಿ ಎಷ್ಟೋ ಮಂದಿ ಪಿಯುಸಿಯವರೆಗೆ ವಿಜ್ಞಾನ ಓದಿದವರಿದ್ದಾರೆ. ಈ ಪಾಠವನ್ನು ನಮಗಿಂತ ಚೆನ್ನಾಗಿ ನಡೆಸುತ್ತಾರೆ.

ಇದೆಲ್ಲ ಶಾಲೆಗೆ ಬದಲಿ ಎಂದು ನಾನು ಹೇಳುತ್ತಿಲ್ಲ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣದ ಹಕ್ಕನ್ನು 2009ರ ಕಾಯ್ದೆ ಕೊಟ್ಟಿದೆ, ಹಿಫ್ಝ್ ಮುಗಿದೊಡನೆ ಶಾಲೆಗೆ ಸೇರಿಸುವುದೇ ನನ್ನ ಸಲಹೆ. ತೀರಾ ತಡವಾದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ 14 ತುಂಬಿದ ಮೇಲೆ ಹತ್ತನೇ ತರಗತಿ ಪರೀಕ್ಷೆ ಬರೆಯುವ ದಾರಿಯಿದೆ. ಸಬಕ್ ಮುಗಿದ ಮೇಲೆ ದಿನಕ್ಕೆ ಕಾಲು ಗಂಟೆ ಸಿಕ್ಕರೂ ಮೇಲಿನ ಕೆಲಸಗಳೆಲ್ಲ ಆಗುತ್ತವೆ.

ಮಸೀದಿಯ ಅಂಗಳದಲ್ಲೂ ಒಂದು ಕೋಲು ನೆಟ್ಟಿದ್ದೇವೆ. ನೆರಳು ಮಾಯವಾಗುವುದನ್ನು ನೋಡಬೇಕೆಂದರೆ ಏಪ್ರಿಲ್ 28ರಂದು 12:23ಕ್ಕೆ ಐದು ನಿಮಿಷ ಮೊದಲೇ ಮಕ್ಕಳನ್ನು ಕರೆದುಕೊಂಡು ಬನ್ನಿ. ಆಗಸ್ಟ್ 14ರ ಸುಮಾರಿಗೆ 12:30ಕ್ಕೆ ಇನ್ನೊಂದು ಅವಕಾಶವಿದೆ, ಆದರೆ ಆಗ ಮೋಡ ಬಿಟ್ಟುಕೊಡುವುದು ಅಪರೂಪ.